ಆಕಾಶದಲ್ಲಿ ಕಂಡದ್ದೂ ಸತ್ಯಾಣುವ್ರತವೂ

ಕಂಡದ್ದನ್ನು ಕಂಡಂತೆ ಹೇಳುವುದೇ ಸತ್ಯವೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಕಂಡವನಿಗೆ ತಾನು ಕಂಡದ್ದು ಏನೆಂಬುದೇ ತಿಳಿಯದಿದ್ದಾಗ ಅವನು ಏನನ್ನು ಹೇಳಬೇಕು? ಸುಮ್ಮನಿರುವುದು ದೋಷವೋ, ಊಹೆಯನ್ನು ಬೆರೆಸಿ ಹೇಳುವುದು ದೋಷವೋ?

ಈ ಪ್ರಶ್ನೆ ಬರಿಯ ತರ್ಕದ್ದಲ್ಲ. 2004ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಕಡಲಿನ ಮೇಲೆ ಅಮೆರಿಕದ ನೌಕಾದಳದ ವಿಮಾನ ಚಾಲಕರು ರೆಕ್ಕೆಗಳಿಲ್ಲದ, ಮಾತ್ರೆಯ ಆಕಾರದ ಬಿಳಿಯ ವಸ್ತುವೊಂದನ್ನು ಕಂಡರು. 2019ರ ಜುಲೈ ತಿಂಗಳಿನಲ್ಲಿ ಅದೇ ತೀರದಾಚೆ ಯುದ್ಧನೌಕೆಗಳ ನಾವಿಕರು ರಾತ್ರಿಯ ವೇಳೆ ಹಡಗುಗಳ ಸುತ್ತ ಸುಳಿದಾಡಿದ ದೀಪಗಳನ್ನು ದಾಖಲಿಸಿದರು. 2021ರ ಜೂನ್ ತಿಂಗಳಿನಲ್ಲಿ ಅಲ್ಲಿಯ ಸರಕಾರ ಪ್ರಕಟಿಸಿದ ವರದಿಯಲ್ಲಿ ಇಂಥ 144 ಹೇಳಿಕೆಗಳು ಪರಿಶೀಲನೆಗೆ ಬಂದವು. ಖಚಿತವಾಗಿ ಗುರುತಿಸಲಾದದ್ದು ಒಂದೇ ಒಂದು. ಅದು ಗಾಳಿ ಸೋರುತ್ತಿದ್ದ ಬಲೂನು.

ಸ್ವಾಧ್ಯಾಯದ ಬಳಿಕ ಕುಳಿತು ಮಾತನಾಡುವಾಗ ಈ ವಿಷಯ ಬಂದರೆ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಕೆಲವರು ನಕ್ಕುಬಿಡುತ್ತಾರೆ. ಇನ್ನು ಕೆಲವರು, ಇವು ಶಾಸ್ತ್ರೋಕ್ತವಾದ ದೇವವಿಮಾನಗಳೇ ಇರಬೇಕೆಂದು ಸಂತೋಷಪಡುತ್ತಾರೆ. ಎರಡನೆಯವರ ಶ್ರದ್ಧೆಯನ್ನು ನಾನು ಗೌರವಿಸುತ್ತೇನೆ. ಆದರೆ ಯಾರೋ ಕಂಡ ಬೆಳಕೊಂದರ ಆಸರೆಯಿಂದ ನಿಲ್ಲಬೇಕಾದ ದುಃಸ್ಥಿತಿ ಜಿನಾಗಮಕ್ಕೆ ಬಂದಿಲ್ಲ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ಮತಿಜ್ಞಾನಕ್ಕೆ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ನಾಲ್ಕು ಮೆಟ್ಟಿಲುಗಳನ್ನು ಹೇಳುತ್ತದೆ. ಏನೋ ಒಂದು ಇದೆಯೆಂದು ಗ್ರಹಿಸುವುದು ಅವಗ್ರಹ. ಅದು ಏನಿರಬಹುದೆಂದು ವಿಚಾರಿಸುವ ಪ್ರವೃತ್ತಿ ಈಹಾ. ಇಂಥದ್ದೇ ಎಂಬ ನಿಶ್ಚಯ ಅವಾಯ. ನಿಶ್ಚಯಿಸಿದ್ದನ್ನು ಮರೆಯದಿರುವುದು ಧಾರಣಾ. ನಮ್ಮ ಮನಸ್ಸಾದರೋ ಮೊದಲ ಮೆಟ್ಟಿಲಿನಿಂದ ಮೂರನೆಯದಕ್ಕೆ ಹಾರಿಬಿಡುತ್ತದೆ. ಬ್ಯಾಡಗಿಯ ಮಾರುಕಟ್ಟೆಗೆ ಹೊಸದಾಗಿ ಬಂದ ಪರಸ್ಥಳದ ಖರೀದಿದಾರ ಕಡುಗೆಂಪು ಮೆಣಸಿನಕಾಯಿಯ ರಾಶಿಯನ್ನು ಕಂಡು, ಇದು ಬಹಳ ಖಾರವೆಂದು ನಿಶ್ಚಯಿಸುತ್ತಾನೆ. ಬಣ್ಣ ಅವನ ಕಣ್ಣು ಕಂಡದ್ದು. ಖಾರ ಅವನೇ ಸೇರಿಸಿದ್ದು. ಬ್ಯಾಡಗಿ ಕಾಯಿಗೆ ಬಣ್ಣವೇ ಬೆಲೆ, ಖಾರ ಅಲ್ಪವೆಂಬುದನ್ನು ಹಾವೇರಿ, ರಾಣೆಬೆನ್ನೂರಿನ ಕಡೆ ಮಕ್ಕಳೂ ಬಲ್ಲರು.

ವ್ಯಾಪಾರದಲ್ಲಿ ಈ ಹಾರಿಕೆಯಿಂದ ಹೋಗುವುದು ಹಣ ಮಾತ್ರ. ಗಡಿಯಲ್ಲಿ ಹಾಗಲ್ಲ. 2012ರ ಆಗಸ್ಟಿನಿಂದ 2013ರ ಫೆಬ್ರವರಿಯವರೆಗೆ ಲಡಾಖಿನಲ್ಲಿ ನಮ್ಮ ಯೋಧರು ಸರೋವರವೊಂದರ ಮೇಲೆ ಬೆಳಕಿನ ಗೋಲಗಳನ್ನು 329 ಬಾರಿ ಕಂಡು ಬರೆದಿಟ್ಟರು. ಚೀನಾದ ಬೇಹುಗಾರಿಕೆಯ ಸಾಧನಗಳೆಂಬ ಶಂಕೆ ಹುಟ್ಟಿತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಲಾಗಿ, ಅವು ಗುರು ಮತ್ತು ಶುಕ್ರ ಗ್ರಹಗಳೆಂದು ನಿರ್ಣಯವಾಯಿತು. (ಗ್ರಹಗಳನ್ನು ಜ್ಯೋತಿಷ್ಕ ದೇವರಲ್ಲಿ ನಮ್ಮ ಶಾಸ್ತ್ರ ಎಣಿಸುವುದರಿಂದ, ದೇವವಿಮಾನವೆಂದವರು ಇಲ್ಲಿ ಮಾತ್ರ ಗೆದ್ದರೆಂದು ವಿನೋದವಾಡಬಹುದು!) ಈಹೆಗೆ ಅವಕಾಶವನ್ನೇ ಕೊಡದೆ ಯಾರಾದರೂ ಬಂದೂಕನ್ನೆತ್ತಿದ್ದರೆ ಆಗಬಹುದಾಗಿದ್ದ ಅನರ್ಥವನ್ನು ಊಹಿಸಿಕೊಳ್ಳಿರಿ. ಹಿಂಸೆಗೆ ಮೂಲ ಪ್ರಮಾದವೆಂದು ಆಚಾರ್ಯರು ಹೇಳಿದ್ದು ಸುಮ್ಮನೆ ಅಲ್ಲ. ಆದರೂ ಆ ಯೋಧರು ಬರೆದಿಟ್ಟದ್ದರಲ್ಲಿ ತಪ್ಪಿಲ್ಲ. ಅವರು ಬರೆಯದಿದ್ದರೆ ನಿರ್ಣಯಕ್ಕೆ ಆಧಾರವೇ ಇರುತ್ತಿರಲಿಲ್ಲ.

ನಗುವವರ ವಿಷಯ ಇದಕ್ಕಿಂತ ಗಂಭೀರವಾದದ್ದು. ಅಪಹಾಸ್ಯದ ಭಯದಿಂದ ಚಾಲಕರು ಕಂಡದ್ದನ್ನು ಹೇಳಲು ಹಿಂಜರಿಯುತ್ತಾರೆಂದು ಮೇಲೆ ಹೇಳಿದ ವರದಿಯೇ ಒಪ್ಪಿಕೊಂಡಿದೆ. ಅದರಲ್ಲಿಯೇ, ಅಂಥ ವಸ್ತುವು ವಿಮಾನಕ್ಕೆ ಅಪಾಯಕರವಾಗುವಷ್ಟು ಸಮೀಪ ಬಂದಿತೆಂದು ಚಾಲಕರು ತಿಳಿಸಿದ 11 ಪ್ರಸಂಗಗಳಿವೆ. ವಸ್ತು ಬಲೂನೇ ಆಗಿರಲಿ, ಬಡಿದರೆ ಪ್ರಾಣಹಾನಿ. ಸತ್ಯ ನುಡಿಯುವವನ ಬಾಯಿಯನ್ನು ನಗೆಯಿಂದ ಮುಚ್ಚಿಸಿದವನು ತಾನು ಅಸತ್ಯ ನುಡಿದಿಲ್ಲವೆಂದು ಸಮಾಧಾನ ಪಟ್ಟುಕೊಳ್ಳಬಹುದೇ? ಆ ಮೌನದಿಂದಾಗುವ ಹಾನಿಯಲ್ಲಿ ಅವನಿಗೂ ಪಾಲಿದೆಯೆಂದೇ ನನ್ನ ಅಭಿಪ್ರಾಯ.

ಇಲ್ಲಿ ಅನೇಕಾಂತವನ್ನು ಎಳೆದು ತರುವವರೂ ಉಂಟು: ದೇವವಿಮಾನವೂ ಇರಬಹುದು, ಅನ್ಯಗ್ರಹದ ವಾಹನವೂ ಇರಬಹುದು, ಎಲ್ಲವೂ ಸರಿಯೆಂದು. ಇದು ಸ್ಯಾದ್ವಾದವಲ್ಲ, ಸಂಶಯ. 'ಸ್ಯಾತ್' ಎಂದರೆ 'ಇರಬಹುದೇನೋ' ಎಂದಲ್ಲ; 'ಒಂದು ನಿಶ್ಚಿತ ಅಪೇಕ್ಷೆಯಿಂದ' ಎಂದು. 'ಅವಕ್ತವ್ಯ'ವೂ ಇಲ್ಲಿ ಹೊಂದುವುದಿಲ್ಲ. ಅಸ್ತಿ-ನಾಸ್ತಿಗಳನ್ನು ಏಕಕಾಲದಲ್ಲಿ ಒಂದೇ ಶಬ್ದದಿಂದ ಹೇಳಲಾಗದ್ದು ಅವಕ್ತವ್ಯ, ಇನ್ನೂ ತಿಳಿಯದಿರುವುದು ಬೇರೆ. ತಿಳಿಯದ್ದಕ್ಕೆ ದೊಡ್ಡ ಹೆಸರಿಡುವುದರಿಂದ ಅದು ತಿಳಿದಂತಾಗುವುದಿಲ್ಲ.

ನಿರ್ಣಯವಾಗುವ ತನಕ ಕೈಕಟ್ಟಿ ಕುಳಿತಿರಬೇಕೇ ಎಂದರೆ, ಅದೂ ಬೇಡ. 2023ರ ನವೆಂಬರ್ 19ರಂದು ಮಣಿಪುರದ ಇಂಫಾಲ ವಿಮಾನ ನಿಲ್ದಾಣದ ಬಳಿ ಆಕಾಶದಲ್ಲಿ ಗುರುತು ತಿಳಿಯದ ವಸ್ತುವೊಂದು ಕಾಣಿಸಿತು. ಅಧಿಕಾರಿಗಳು ಅದಕ್ಕೆ ಯಾವ ಹೆಸರನ್ನೂ ಇಡದೆ ವಿಮಾನಗಳ ಸಂಚಾರವನ್ನು ಕೆಲವು ಗಂಟೆಗಳ ಕಾಲ ತಡೆದರು. ಬರುತ್ತಿದ್ದ ವಿಮಾನಗಳನ್ನು ಬೇರೆಡೆಗೆ ಕಳುಹಿಸಿದರು. ವಾಯುಪಡೆ ತನ್ನ ರಕ್ಷಣಾ ವ್ಯವಸ್ಥೆಯನ್ನು ಸಜ್ಜುಗೊಳಿಸಿತು. ಬಳಿಕ ಅದು ಹೊರಡಿಸಿದ ಪ್ರಕಟಣೆಯಲ್ಲಿದ್ದುದು ಇಷ್ಟೇ: ನಿಲ್ದಾಣದಿಂದ ಬಂದ ಮಾಹಿತಿಯಂತೆ ಕ್ರಮ ಕೈಗೊಂಡೆವು, ಆ ಸಣ್ಣ ವಸ್ತು ಅನಂತರ ಕಾಣಲಿಲ್ಲ.