ನೋವಿಗೆ ಕಾರಣ ಕೇಳುವುದು ದೌರ್ಬಲ್ಯವಲ್ಲ

ಬಾಬಾಸಾಹೇಬರು 1956ರಲ್ಲಿ ನಮಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಹತ್ತು ಪಾರಮಿತೆಗಳನ್ನು ಪಾಲಿಸುತ್ತೇನೆ ಎಂಬುದೂ ಒಂದು. ಆ ಹತ್ತರಲ್ಲಿ ಕ್ಷಾಂತಿ ಬರುತ್ತದೆ. ಸಹನೆ, ತಾಳ್ಮೆ ಎಂದು ಅದಕ್ಕೆ ಅರ್ಥ ಹೇಳುತ್ತೇವೆ. ಇಂದಿನ ಚಿಂತನೆಗೆ ಒಂದು ಪ್ರಶ್ನೆ: ದೇಹಕ್ಕೆ ಬಂದ ನೋವನ್ನು ಯಾರಿಗೂ ಹೇಳದೆ ಹಲ್ಲು ಕಚ್ಚಿ ತಡೆದುಕೊಳ್ಳುವುದು ಕ್ಷಾಂತಿಯೇ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ, ನನ್ನ ಬಲ ಮೊಣಕೈಯಿಂದ ಬಂದದ್ದು. ಕಾಲೇಜಿನ ಎನ್‌ಸಿಸಿ ದಿನಗಳಿಂದ ನನಗೆ ರೈಫಲ್ ಶೂಟಿಂಗ್ ಅಭ್ಯಾಸವಿದೆ. ಈಗಲೂ ಕಚೇರಿಗೆ ಹೋಗುವ ಮುನ್ನ ಮುಂಜಾನೆ ಏರ್ ರೈಫಲ್ ಹಿಡಿಯುತ್ತೇನೆ. ಭಾನುವಾರ ನಮ್ಮ ಕಡೆಯ ಕೆಲವು ಮಕ್ಕಳಿಗೆ ಹೇಳಿಕೊಡುತ್ತೇನೆ. ಬೌದ್ಧರಾಗಿ ಬಂದೂಕು ಯಾಕೆ ಎಂದು ಕೆಲವರು ಕೇಳಿದ್ದಾರೆ. ನಾವು ಹೊಡೆಯುವುದು ಕಾಗದದ ಗುರಿಗೆ, ಜೀವಕ್ಕಲ್ಲ. ಉಸಿರನ್ನೂ ಮನಸ್ಸನ್ನೂ ಒಂದು ಕಡೆ ನಿಲ್ಲಿಸುವ ಆಟ ಅದು.

ಹೋದ ವರ್ಷ ಮೊಣಕೈಯ ಹೊರಬದಿಯಲ್ಲಿ ನೋವು ಶುರುವಾಯಿತು. ರೈಫಲ್ ಎತ್ತುವಾಗ ಮಾತ್ರವಲ್ಲ, ರೊಟ್ಟಿ ಬಡಿಯುವಾಗ, ಒದ್ದೆ ಬಟ್ಟೆ ಹಿಂಡುವಾಗ, ತುಂಬಿದ ಕೊಡ ಎತ್ತುವಾಗಲೂ ಚಳಕು. ಡಾಕ್ಟರ ಹತ್ತಿರ ಹೋದೆ. ಅವರು ಹೇಳಿದ್ದನ್ನು ಕೇಳುತ್ತಿದ್ದಾಗ ನಾವು ಪ್ರತಿ ವಾರ ಓದುವ ಧಮ್ಮದ ಮಾತೇ ಕಿವಿಗೆ ಬಿದ್ದಂತಾಯಿತು.

ಏರ್ ರೈಫಲ್ ಆಟವನ್ನು ದೂರದಿಂದ ನೋಡಿದವರಿಗೆ ಇದರಲ್ಲಿ ನೋಯುವುದೇನಿದೆ ಅನಿಸುತ್ತದೆ. ಗುರಿ ಇರುವುದು 10 ಮೀಟರ್ ದೂರದಲ್ಲಿ. ಪೆಲೆಟ್ ಕೇವಲ 4.5 ಮಿಲಿಮೀಟರ್. ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್, ಅಂದರೆ ಪೆನ್ನಿನ ತುದಿ ಇಟ್ಟಷ್ಟು. ರೈಫಲ್ಲಿನ ತೂಕ ಐದೂವರೆ ಕಿಲೋವರೆಗೂ ಇರಬಹುದು. ಸ್ಪರ್ಧೆಯಲ್ಲಿ ಒಂದೂಕಾಲು ಗಂಟೆಯೊಳಗೆ ಅದನ್ನು 60 ಸಲ ಎತ್ತಿ, ನಿಲ್ಲಿಸಿ, ಹೊಡೆದು ಇಳಿಸಬೇಕು. ಸರಿಯಾಗಿ ನಿಂತರೆ ಎಡ ಮೊಣಕೈ ಸೊಂಟದ ಎಲುಬಿನ ಕಡೆಗೆ ಆತುಕೊಂಡು ಭಾರವನ್ನು ಎಲುಬು ಹೊರುತ್ತದೆ. ನಿಲುವು ತಪ್ಪಿದರೆ ಆ ಭಾರ ತೋಳಿನ ಮಾಂಸಖಂಡಕ್ಕೆ ಬೀಳುತ್ತದೆ. ಕಲಿಯುವ ಮಕ್ಕಳ ಕೈಗೆ ಸಿಗುವುದು ಹೆಚ್ಚಾಗಿ ಸ್ಪ್ರಿಂಗ್ ರೈಫಲ್. ಅದರಲ್ಲಿ ಪ್ರತಿ ಶಾಟ್‌ಗೆ ಮೊದಲು ಗಟ್ಟಿ ಸ್ಪ್ರಿಂಗನ್ನು ಕೈಬಲದಿಂದ ಎಳೆದು ಕೂರಿಸಬೇಕು. ದಿನಕ್ಕೆ 100 ಶಾಟ್ ಎಂದರೆ 100 ಸಲ ಎಳೆತ. ವಾರಕ್ಕೆ ಆರು ದಿನವಾದರೆ 600. ಜತೆಗೆ ಹಿಡಿಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿಯುವ ಅಭ್ಯಾಸವಿದ್ದರೆ ಮುಂಗೈಗೆ ಬಿಡುವೇ ಇಲ್ಲ.

ಮಣಿಕಟ್ಟನ್ನು ಮೇಲೆತ್ತುವ ಮಾಂಸಖಂಡಗಳೆಲ್ಲ ಮೊಣಕೈಯ ಹೊರಬದಿಯ ಎಲುಬಿಗೆ ಒಂದು ಗಟ್ಟಿ ನಾರಿನಿಂದ ಅಂಟಿಕೊಂಡಿವೆ. ದಿನವೂ ಸ್ವಲ್ಪ ಸ್ವಲ್ಪ ಸವೆದು, ಸರಿಯಾಗಲು ಸಮಯ ಸಿಗದಿದ್ದರೆ ಆ ನಾರು ಕೆಡುತ್ತದೆ. ಇದಕ್ಕೆ ಟೆನಿಸ್ ಎಲ್ಬೋ ಎಂಬ ಹೆಸರಿದೆ. ಆದರೆ ಇದು ಬಂದವರಲ್ಲಿ ಹೆಚ್ಚಿನವರು ಟೆನಿಸ್ ಬ್ಯಾಟನ್ನೇ ಮುಟ್ಟಿದವರಲ್ಲ. ಬಡಗಿಗಳು, ಪೇಂಟರ್‌ಗಳು, ಗಾರೆ ಕೆಲಸದವರು, ಅಡುಗೆಯವರು, ಅಂದರೆ ಕೈಯನ್ನು ಒಂದೇ ರೀತಿ ಸಾವಿರ ಸಲ ತಿರುಗಿಸಿ ದುಡಿಯುವವರು ಇವರಲ್ಲಿ ಇದ್ದಾರೆ. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ, ಆದರೆ ವರ್ಷದ ಲೆಕ್ಕದಲ್ಲಿ ನೋವು ಮರಳುವುದೇ ಹೆಚ್ಚು. ಕೈಗೆ ಬೀಳುವ ಭಾರ ಇಳಿಸಿ, ನಿಧಾನವಾಗಿ ವ್ಯಾಯಾಮದಿಂದ ಬಲ ತುಂಬುವುದೇ ದಾರಿ, ಅದಕ್ಕೆ ತಿಂಗಳುಗಳು ಬೇಕು ಎಂದರು. ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿದರೆ ಅದು ನರದ ವಿಷಯ, ತಡಮಾಡದೆ ತೋರಿಸಬೇಕು ಎಂದೂ ಹೇಳಿದರು.

ಇದು ಇದ್ದುದರಿಂದ ಅದು ಬಂತು, ಇದನ್ನು ಕಡಿಮೆ ಮಾಡಿದರೆ ಅದೂ ಕಡಿಮೆಯಾಗುತ್ತದೆ. ಪಟಿಚ್ಚ ಸಮುಪ್ಪಾದ ಎಂದು ನಾವು ಕಲಿತದ್ದು ಇದನ್ನೇ ಅಲ್ಲವೇ? ಹಣೆಬರಹ ಇಲ್ಲ, ಹಿಂದಿನ ಜನ್ಮದ ಪಾಪ ಇಲ್ಲ. ನೋವಿಗೆ ಕಾರಣ ಇದೆ, ಕಾರಣವನ್ನು ಹುಡುಕಬಹುದು, ತೆಗೆಯಬಹುದು.

ನನ್ನ ಅವ್ವನಿಗೆ ಈ ಮಾತನ್ನು ಯಾರೂ ಹೇಳಲಿಲ್ಲ. ಹತ್ತಿ ಬಿಡಿಸಿ, ಕಳೆ ಕಿತ್ತು, ಜೋಳ ಕೊಯ್ದು ಬಂದ ಕೈಗೆ ರಾತ್ರಿ ಹರಳೆಣ್ಣೆ ಹಚ್ಚಿ ಹಳೆ ಸೀರೆಯ ತುಂಡು ಸುತ್ತಿಕೊಳ್ಳುತ್ತಿದ್ದಳು. ಹೊಲದ ಯಜಮಾನರ ಮನೆಯಲ್ಲಿ ಕೈ ನೋವು ಎಂದರೆ, "ದುಡಿಯೂ ಮೈ, ನೋಯಲಾರದ ಇರ್ತೈತೇನು?" ಎಂಬ ಉತ್ತರ ಬರುತ್ತಿತ್ತು. ಅವಳ ಮೌನಕ್ಕೆ ಊರು ಸಹನೆ ಎಂದು ಹೆಸರಿಟ್ಟಿತ್ತು. ಬಾಯಿ ಬಿಟ್ಟರೆ ಕೂಲಿ ಹೋಗುತ್ತದೆ ಎಂಬ ಭಯದಿಂದ ಬಂದ ಮೌನ ಅದು. ಅದನ್ನು ಕ್ಷಾಂತಿ ಎನ್ನಲು ನಾನು ಒಪ್ಪುವುದಿಲ್ಲ. ಪಾರಮಿತೆ ಎಂದರೆ ತಿಳಿದು ಬೆಳೆಸಿಕೊಳ್ಳುವ ಗುಣ. ಬೇರೆ ದಾರಿಯೇ ಇಲ್ಲದವರ ಮೇಲೆ ಹೇರಿದ್ದು ಗುಣವಾಗುವುದಿಲ್ಲ.

ಅದೇ ಭಯ ಒಂದು ತಲೆಮಾರು ದಾಟಿ ಬಂದಿದೆ. ನನ್ನ ಹತ್ತಿರ ಕಲಿಯುವ ಹದಿನಾರು ವರ್ಷದ ಹುಡುಗಿಯೊಬ್ಬಳು ನೋವಿನ ಮುಲಾಮನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಬರುತ್ತಿದ್ದಳು. ಆಯ್ಕೆ ಸ್ಪರ್ಧೆಗೆ ಮೂರು ವಾರ ಉಳಿದಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಅಕ್ಕಾ, ನೋವು ಅಂದ್ರ ಟೀಮಿನ್ಯಾಗಿಂದ ತಗೀತಾರ. ಇವರ ಕೈಲೇ ಆಗಂಗಿಲ್ಲ ಅಂತ ಅನ್ನಾಕ ಕಾಯಾಕತ್ತಾರ" ಅಂದಳು. ಅವಳು ಮೊದಲು ಕಲಿತ ಕಡೆ, ನೋವು ಎನ್ನುವವರು ಮನೆಗೆ ಹೋಗಬಹುದು ಎಂದು ತರಬೇತುದಾರರೇ ಹೇಳುತ್ತಿದ್ದರಂತೆ. ಉಳಿದ ಮಕ್ಕಳು ಕೈ ನೋವು ಎಂದರೆ ಅದು ಕೈಯ ವಿಷಯ. ನಮ್ಮ ಮಕ್ಕಳು ಹೇಳಿದರೆ ಅದು ಜಾತಿಯ ವಿಷಯವಾಗುತ್ತದೆ. ಆ ಹುಡುಗಿ ಮೊಣಕೈಗೆ ಮುಲಾಮು ಹಚ್ಚುತ್ತಿದ್ದಳು, ಬಚ್ಚಿಡುತ್ತಿದ್ದುದು ಈ ಅವಮಾನದ ಭಯವನ್ನು.

ಇಲ್ಲಿ ಕೆಲವರು ಒಂದು ಮಾತು ಹೇಳುತ್ತಾರೆ. ಬಾಬಾಸಾಹೇಬರು ಸಕ್ಕರೆ ಕಾಯಿಲೆ, ಕಾಲುನೋವು ಎಲ್ಲವನ್ನೂ ಇಟ್ಟುಕೊಂಡೇ ಕೊನೆಯವರೆಗೂ ಬರೆದರು, ನಾವು ಒಂದು ಮೊಣಕೈಗೆ ನಿಲ್ಲುವುದೇ? ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅವರು ನೋವಿನಲ್ಲೂ ಬರೆದದ್ದು ನಿಜ. ಆದರೆ ನೋವನ್ನು ಅವರು ಮುಚ್ಚಿಡಲಿಲ್ಲ, ಪೂಜಿಸಲೂ ಇಲ್ಲ. 'ಬುದ್ಧ ಮತ್ತು ಆತನ ಧಮ್ಮ' ಕೃತಿಗೆ 1956ರಲ್ಲಿ ಬರೆದ ಪ್ರಸ್ತಾವನೆಯಲ್ಲಿ ತಮ್ಮ ಆರೋಗ್ಯ ಎಷ್ಟು ಹದಗೆಟ್ಟಿತ್ತು ಎಂಬುದನ್ನು ಬಿಚ್ಚಿ ಹೇಳಿದ್ದಾರೆ. ವೈದ್ಯೆಯಾಗಿದ್ದ ಪತ್ನಿ ಸವಿತಾ ಅಂಬೇಡ್ಕರ್ ಮತ್ತು ಡಾ. ಮಾಳವಣಕರ್ ಅವರ ಚಿಕಿತ್ಸೆಯಿಂದಲೇ ಆ ಕೆಲಸ ಮುಗಿಯಿತು ಎಂದು ನೆನೆದಿದ್ದಾರೆ. ಅಂದರೆ ಆ ಗ್ರಂಥ ನಮ್ಮ ಕೈಯಲ್ಲಿ ಇರುವುದರ ಹಿಂದೆ ಅವರ ಛಲವೂ ಇದೆ, ಚಿಕಿತ್ಸೆಯೂ ಇದೆ. 1942ರಿಂದ 1946ರವರೆಗೆ ಕಾರ್ಮಿಕ ಇಲಾಖೆ ಅವರ ಕೈಯಲ್ಲಿತ್ತು. ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 48 ಗಂಟೆಗೆ ಇಳಿಸುವ ತಿದ್ದುಪಡಿ 1946ರಲ್ಲಿ ಬಂತು. ದುಡಿಯುವ ಮೈ ನೋಯುವುದು ಸಹಜ ಎಂದು ಅವರು ಸುಮ್ಮನಿದ್ದಿದ್ದರೆ ಆ ಕೆಲಸಕ್ಕೆ ಕೈ ಹಾಕುತ್ತಿದ್ದರೇ?

ವಿನಯ ಪಿಟಕದ ಸೋಣ ಭಿಕ್ಷುವಿನ ಪ್ರಸಂಗ ನಮಗೆಲ್ಲ ಗೊತ್ತು. ಸುಖದಲ್ಲಿ ಬೆಳೆದ ಸೋಣ, ಸಾಧನೆಯ ಹಟದಲ್ಲಿ ನಡೆದು ನಡೆದು ಪಾದ ಒಡೆದು, ನಡೆಯುವ ಹಾದಿಯೆಲ್ಲ ರಕ್ತವಾಯಿತು. ಭಗವಾನರು ವೀಣೆಯ ತಂತಿಯ ಹೋಲಿಕೆ ಕೊಟ್ಟರು: ಅತಿ ಬಿಗಿದರೂ ನುಡಿಯದು, ಸಡಿಲಾದರೂ ನುಡಿಯದು. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಆದರೆ ಆಮೇಲೆ ನಡೆದದ್ದು ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಸೋಣನಿಗೆ ಪಾದರಕ್ಷೆ ಹಾಕಿಕೊಳ್ಳಲು ಭಗವಾನರು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ನನಗೊಬ್ಬನಿಗೇ ಆದರೆ ಜನ ಆಡಿಕೊಳ್ಳುತ್ತಾರೆ, ಇಡೀ ಸಂಘಕ್ಕೆ ಕೊಟ್ಟರೆ ನಾನೂ ಹಾಕಿಕೊಳ್ಳುತ್ತೇನೆ ಎಂದ. ಭಗವಾನರು ಅವನನ್ನು ಗದರಲಿಲ್ಲ. ಸಂಘದ ಎಲ್ಲರಿಗೂ ಪಾದರಕ್ಷೆಯನ್ನು ಅನುಮತಿಸಿದರು.

ಒಬ್ಬರಿಗೆ ಕೊಟ್ಟರೆ ವಿನಾಯಿತಿ, ಎಲ್ಲರಿಗೂ ಕೊಟ್ಟರೆ ನಿಯಮ. ವಿನಾಯಿತಿ ಪಡೆದವರು ತಲೆ ತಗ್ಗಿಸಬೇಕಾಗುತ್ತದೆ. ನಿಯಮದಲ್ಲಿ ಯಾರೂ ತಗ್ಗಿಸಬೇಕಿಲ್ಲ.

ಅದನ್ನೇ ನಮ್ಮ ಭಾನುವಾರದ ಅಭ್ಯಾಸಕ್ಕೆ ತಂದೆವು. ರೈಫಲ್ ಮುಟ್ಟುವ ಮೊದಲು ಪ್ರತಿಯೊಬ್ಬರೂ ಕೈ, ಹೆಗಲು, ಬೆನ್ನು ಹೇಗಿದೆ ಎಂದು ಹೇಳಬೇಕು. ಎಲ್ಲರಿಗಿಂತ ಗಟ್ಟಿ ಹುಡುಗನೂ ಹೇಳಬೇಕು, ನಾನೂ ಹೇಳಬೇಕು. ಸ್ಪ್ರಿಂಗ್ ರೈಫಲ್‌ನಲ್ಲಿ ಯಾರಿಗೂ ದಿನಕ್ಕೆ 40 ಶಾಟ್ ಮೇಲೆ ಇಲ್ಲ. ಉಳಿದ ಹೊತ್ತು ಪೆಲೆಟ್ ಇಲ್ಲದೆ ನಿಲುವು, ಉಸಿರು, ಗುರಿಯ ಅಭ್ಯಾಸ. ಮೊದಲ ವಾರವೇ ಆ ಹುಡುಗಿಯ ಜತೆ ಇನ್ನೂ ಮೂವರು ಬಾಯಿ ಬಿಟ್ಟರು. ಆಟದ ಅಂತರರಾಷ್ಟ್ರೀಯ ನಿಯಮವೂ ಇದನ್ನೇ ಒಪ್ಪುತ್ತದೆ. ತೋಳಿನಿಂದ ರೈಫಲ್ಲಿನ ತೂಕ ಹೊರಲಾಗದ ಪ್ಯಾರಾ ಶೂಟರ್‌ಗಳಿಗೆ ಎಸ್‌ಎಚ್2 ಎಂಬ ವರ್ಗವಿದೆ. ಅವರು ಸ್ಪ್ರಿಂಗ್ ಇರುವ ಸ್ಟ್ಯಾಂಡಿನ ಮೇಲೆ ರೈಫಲ್ ಇಟ್ಟು ಹೊಡೆಯುತ್ತಾರೆ. ಅಲ್ಲಿ ಅಳೆಯುವುದು ಗುರಿಯನ್ನು, ನೋವನ್ನು ಎಷ್ಟು ನುಂಗಿದರು ಎಂಬುದನ್ನಲ್ಲ.

ಎಲ್ಲವೂ ಸುಖಾಂತವಾಯಿತು ಎಂದು ನಾನು ಹೇಳುವುದಿಲ್ಲ. ಡಾಕ್ಟರು ಎರಡು ತಿಂಗಳು ಬಿಡುವು ಹೇಳಿದ್ದರಿಂದ ಹುಡುಗಿ ಆಯ್ಕೆಗೆ ಹೋಗಲಿಲ್ಲ. "ಒಂದು ವರ್ಷ ಹೋತಲ್ಲರೀ ಮೇಡಮ್ಮಾರ" ಎಂದರು ಅವಳ ತಂದೆ. ಹಮಾಲಿ ಮಾಡಿ ಮಗಳಿಗೆ ಜಾಕೆಟ್ ಕೊಡಿಸಿದವರು ಅವರು. ಕ್ರೀಡಾ ಕೋಟಾದಲ್ಲಿ ಒಂದು ಸೀಟು ಎಂದರೆ ಅಂಥ ಮನೆಗೆ ಏನು ಎಂಬುದು ನನಗೆ ಗೊತ್ತು. ಆ ನಷ್ಟವನ್ನು ಇಲ್ಲವಾಗಿಸುವ ಯಾವ ಸುತ್ತವೂ ಇಲ್ಲ.

ನಿಜವಾದ ಕ್ಷಾಂತಿ ಬೇಕಾಗುವುದು ಇಲ್ಲಿ. ಸಂಯುತ್ತ ನಿಕಾಯದಲ್ಲಿ ಎರಡು ಬಾಣಗಳ ಉಪಮೆ ಇದೆ. ಮೊದಲ ಬಾಣ ದೇಹದ ನೋವು, ಎರಡನೆಯದು ಆ ನೋವಿಗೆ ಮನಸ್ಸು ಸೇರಿಸುವ ಸಂಕಟ. ಎರಡನೆಯದನ್ನು ತಡೆದುಕೋ ಎಂದರೆ, ಮೊದಲನೆಯದನ್ನು ಕೀಳಬೇಡ ಎಂದು ಅರ್ಥವಲ್ಲ. ಬಾಣ ತಗುಲಿದವನು ಮೊದಲು ಅದನ್ನು ಕೀಳಿಸಿಕೊಳ್ಳಬೇಕು ಎಂಬ ಇನ್ನೊಂದು ಉಪಮೆಯನ್ನೂ ಭಗವಾನರೇ ಮಾಲುಂಕ್ಯಪುತ್ತನಿಗೆ ಹೇಳಿದರು. ತೆಗೆಯಬಹುದಾದ ಕಾರಣವನ್ನು ತೆಗೆಯುವುದು ಪ್ರಜ್ಞೆಯ ಕೆಲಸ. ತೆಗೆದ ಮೇಲೂ ಉಳಿಯುವುದನ್ನು, ಅಂದರೆ ಅರ್ಧ ಕಿಲೋ ತೂಕ ಹಿಡಿದು ದಿನವೂ ಅದೇ ಬೇಸರದ ವ್ಯಾಯಾಮ, ಕೈತಪ್ಪಿದ ವರ್ಷ, ಗೆಳತಿಯರು ಮುಂದೆ ಹೋದದ್ದನ್ನು ನೋಡುವುದು, ಇವನ್ನು ಕಹಿಯಾಗದೆ ಹೊರುವುದು ಕ್ಷಾಂತಿಯ ಕೆಲಸ. ಪ್ರಜ್ಞೆಯನ್ನು ಬಿಟ್ಟ ಸಹನೆ ನಮ್ಮನ್ನು ಮತ್ತೆ ಅವ್ವನ ಹೊಲಕ್ಕೆ ಕರೆದೊಯ್ಯುತ್ತದೆ.

ಇಂದು ಒಂದು ಚಿಕ್ಕ ಅಭ್ಯಾಸ ಮಾಡೋಣ. ಮನೆಯಲ್ಲಿ ಅಥವಾ ಕೆಲಸದಲ್ಲಿ ಕೈಯಿಂದ ದುಡಿಯುವ ಒಬ್ಬರನ್ನು, ಅವರು ತಾಯಿಯೋ, ಹೆಂಡತಿಯೋ, ಬೀದಿ ಗುಡಿಸುವ ಅಣ್ಣನೋ, ನಿಮಗೆ ಎಲ್ಲಿ ನೋಯುತ್ತದೆ ಎಂದು ಕೇಳೋಣ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳೋಣ. ಅದಕ್ಕೆ ಕಾರಣವೇನು, ಅದರಲ್ಲಿ ತೆಗೆಯಬಹುದಾದದ್ದು ಎಷ್ಟು, ಅದು ನಮ್ಮ ಕೈಯಲ್ಲೇ ಇದೆಯೇ ಎಂದು ಯೋಚಿಸೋಣ.

ನಮೋ ಬುದ್ಧಾಯ. ಜೈ ಭೀಮ್.