ಕಲಾವಶೇಷ ಸಂಗ್ರಹವೂ ನ್ಯಾಸಧರ್ಮವೂ

ಶಾಕುಂತಲ ನಾಟಕದ ಮುದ್ರೆಯುಂಗುರವು ಬೆಸ್ತನ ಕೈಯಲ್ಲಿದ್ದಷ್ಟು ಹೊತ್ತು ಬೆಲೆಬಾಳುವ ಒಂದು ಒಡವೆ ಮಾತ್ರವಾಗಿತ್ತು. ದುಷ್ಯಂತನ ಕಣ್ಣಿಗೆ ಬಿದ್ದೊಡನೆ ಅದೇ ಸ್ಮೃತಿಯಾಯಿತು. ಉಂಗುರ ಬದಲಾಗಲಿಲ್ಲ, ನೋಡುವವನು ಬದಲಾದನು. ಪಾಠಶಾಲೆಯಲ್ಲಿ ಈ ಭಾಗವನ್ನು ಹೇಳಿಕೊಡುವಾಗ ನಮ್ಮ ಗುರುಗಳು ಅಭಿಜ್ಞಾನವೆಂಬ ಪದವೊಂದನ್ನೇ ಎರಡು ದಿನ ವಿವರಿಸಿದರು. ಅಂದು ನನಗೆ ಅದು ವ್ಯಾಕರಣದ ವಿಷಯವಾಗಿ ತೋರಿತ್ತು. ಅರುವತ್ತು ದಾಟಿದ ಮೇಲೆ, ನನ್ನ ಮನೆಯ ಗೋಡೆಯಲ್ಲಿ ತೂಗುತ್ತಿದ್ದ ಒಂದು ದುಡಿಯ ದೆಸೆಯಿಂದ, ಅದು ಧರ್ಮದ ವಿಷಯವಾಯಿತು.

ಆಟ, ಕುಣಿತ, ಹಾಡುಗಳಿಗೆ ಸಂಬಂಧಪಟ್ಟ ಹಳೆಯ ವಸ್ತುಗಳನ್ನು ಕೂಡಿಡುವ ಹವ್ಯಾಸ ನನಗೆ ಉಪಾಧ್ಯಾಯವೃತ್ತಿಯ ಆರಂಭದಲ್ಲಿಯೇ ಅಂಟಿತು. ನಾಟಕ ಕಂಪೆನಿಗಳ ಹಸ್ತಪತ್ರಗಳು, ಬಣ್ಣಗೆಟ್ಟ ಛಾಯಾಚಿತ್ರಗಳು, ಸಂಪಾಜೆಯ ಕಡೆಯ ಯಕ್ಷಗಾನ ವೇಷಧಾರಿಯೊಬ್ಬರ ಗೆಜ್ಜೆ, ಚವರಿಯಾಟದಲ್ಲಿ ಹಿಡಿಯುವ ಒಂದು ಚವರಿ, ಮತ್ತು ಮೇಲೆ ಹೇಳಿದ ದುಡಿ. ಶಿಲ್ಪಿ ಸತ್ತರೆ ವಿಗ್ರಹ ಉಳಿಯುವುದು, ಕವಿ ಸತ್ತರೆ ಕಾವ್ಯ ಉಳಿಯುವುದು. ಕುಣಿದವನ ಕುಣಿತ ಮಾತ್ರ ದೀಪವಾರುವ ಮೊದಲೇ ಮುಗಿದುಹೋಗಿರುವುದು. ಉಳಿಯುವುದು ಕಾಲಿಗೆ ಕಟ್ಟಿದ ಗೆಜ್ಜೆ. ಆದುದರಿಂದಲೇ ರಸಿಕನಿಗೆ ಅದರ ಮೇಲೆ ಅಷ್ಟು ಮೋಹ.

ಈ ಮೋಹವು ನಮ್ಮವರದು ಮಾತ್ರವಲ್ಲ. ಯುರೋಪಿನ ಬ್ಯಾಲೆ ನೃತ್ಯದ ಚರಿತ್ರೆಯಲ್ಲಿ ಮರೀ ಟಾಗ್ಲಿಯೋನಿಯೆಂಬ ನರ್ತಕಿಯ ವಿಷಯವಾಗಿ ಒಂದು ಕಥೆ ಪ್ರಚಲಿತವಾಗಿದೆ. 1842ರಲ್ಲಿ ಆಕೆ ರಷ್ಯದಿಂದ ಹೊರಟಾಗ ಅಲ್ಲಿಯ ಅಭಿಮಾನಿಗಳು ಅವಳ ನೃತ್ಯದ ಪಾದರಕ್ಷೆಗಳನ್ನು ಕೊಂಡು, ಬೇಯಿಸಿ, ವ್ಯಂಜನ ಸಹಿತವಾಗಿ ತಿಂದರಂತೆ! ವಾಚಕರು ನಗಬಹುದು, ನಾನೂ ನಕ್ಕಿದ್ದೇನೆ. ಆದರೆ ಅದೇ ದೇಶದಲ್ಲಿ ಅಲೆಕ್ಸೆಯ್ ಬಖ್ರೂಷಿನ್ ಎಂಬ ವರ್ತಕನು ರಂಗಭೂಮಿಯ ಅವಶೇಷಗಳನ್ನು ಶೇಖರಿಸಿ, 1894ರಲ್ಲಿ ಮಾಸ್ಕೋ ನಗರದಲ್ಲಿ ಒಂದು ಸಂಗ್ರಹಾಲಯವನ್ನು ತೆರೆದು, 1913ರಲ್ಲಿ ಅದನ್ನು ಸಮಸ್ತವಾಗಿ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿಬಿಟ್ಟನು. ತಿಂದವರಿಗೂ ಕೊಟ್ಟವನಿಗೂ ಪ್ರೀತಿ ಇದ್ದೇ ಇತ್ತು. ಗೋಡೆಗೆ ತೂಗುಹಾಕುವ ನಮ್ಮಂಥವರು ಇವರಲ್ಲಿ ಯಾರ ಪಂಕ್ತಿಯವರು?

ನಮ್ಮ ಕೊಡಗಿನಲ್ಲಿ ಮತ್ತೊಂದು ಬಗೆಯ ಸಂಗ್ರಹಕಾರರಿದ್ದರು. ನಡಿಕೇರಿಯಂಡ ಚಿಣ್ಣಪ್ಪನವರು (1875–1931) ದುಡಿ ಬಾರಿಸುತ್ತ ಹಾಡುವವರ ಬಾಯಲ್ಲಿದ್ದ ಕೊಡವ ಹಾಡುಗಳನ್ನೂ, ನಾಡಿನ ಕಟ್ಟುಕಟ್ಟಳೆಗಳನ್ನೂ ಬರೆದುಕೊಂಡು, ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ಯೆಂಬ ಗ್ರಂಥವಾಗಿ 1924ರಲ್ಲಿ ಪ್ರಕಟಿಸಿದರು. ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿಗಳು ಅದನ್ನು ಇಂಗ್ಲಿಷಿಗೆ ತಂದು 2003ರಲ್ಲಿ ಪ್ರಕಟಿಸಿದರು. ಈ ಸಂಗ್ರಹದ ವೈಶಿಷ್ಟ್ಯವನ್ನು ಗಮನಿಸಬೇಕು. ಹಾಡು ಪುಸ್ತಕಕ್ಕೆ ಬಂದಿತು, ಹಾಡಿದವನಿಂದ ಹೋಗಲಿಲ್ಲ. ದುಡಿ ಹಿಡಿದ ಕೈಯಲ್ಲಿಯೇ ದುಡಿ ಉಳಿಯಿತು. ಯಾರ ಮನೆಯನ್ನೂ ಬರಿದುಮಾಡದೆ ತನ್ನ ಭಂಡಾರವನ್ನು ತುಂಬಿಕೊಂಡ ಸಂಗ್ರಹಕಾರರು ಎಷ್ಟು ಮಂದಿ ಸಿಕ್ಕುವರು?

ನನ್ನ ದುಡಿಯ ಕಥೆ ಹಾಗಲ್ಲ. ನಮ್ಮ ನೆರೆಯೂರಿನ ವೃದ್ಧ ಹಾಡುಗಾರರೊಬ್ಬರು, ಮಕ್ಕಳಲ್ಲಿ ಯಾರೂ ಹಾಡಲು ಬಾರದವರಾದುದರಿಂದ, ಅದನ್ನು ನನ್ನ ಕೈಗಿತ್ತರು. ನಾನು ಹಣ ಕೊಟ್ಟೆನು. ಅವರು ಎಣಿಸದೆ ಜೇಬಿಗಿಟ್ಟುಕೊಂಡರು. ನಡು ಸಣ್ಣಗಿರುವ ಆ ಮರದ ಹೊಳವು ಕೈ ತಾಗಿ ತಾಗಿ ಕನ್ನಡಿಯಂತೆ ನುಣುಪಾಗಿತ್ತು. ಬಂದವರಿಗೆಲ್ಲ ಅದನ್ನು ತೋರಿಸುವೆನು, ನಾಲ್ವರು ಇಬ್ಬಿಬ್ಬರಾಗಿ ಸರದಿಯ ಮೇಲೆ ಹಾಡುವ ಕ್ರಮವನ್ನು ವಿವರಿಸುವೆನು. ‘ಮೇಷ್ಟ್ರ ಮನೆಯಲ್ಲಿ ಏನೇನಿದೆ ನೋಡಿ’ ಎಂದು ಅವರು ಕೊಂಡಾಡುವರು. ಹೀಗೆ ಹನ್ನೊಂದು ವರ್ಷ ಕಳೆಯಿತು.

ಒಂದು ಕಾರ್ತಿಕದ ಸಂಜೆ ಆ ಹಾಡುಗಾರರ ಮೊಮ್ಮಗನು ಬಂದನು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹುಡುಗ. ತಾತ ತೀರಿಕೊಂಡ ಮೇಲೆ ಪುಸ್ತಕವನ್ನು ನೋಡಿಯೂ, ಹಿರಿಯರೊಬ್ಬರ ಬಳಿ ಕುಳಿತೂ ಹಾಡು ಕಲಿತಿದ್ದನು. ‘ಮೇಷ್ಟ್ರೇ, ಈ ಸಲ ಪುತ್ತರಿಗೆ ನಾವು ನಾಲ್ವರು ಮನೆಮನೆಗೆ ಹೋಗಿ ಹಾಡುತ್ತೇವೆ. ತಾತನ ದುಡಿ ಒಂದು ರಾತ್ರಿಗೆ ಬೇಕಿತ್ತು’ ಎಂದನು. ನಾನು ಏನು ಹೇಳಿದೆನೆಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ. ಚರ್ಮ ಹಳೆಯದು, ಪೆಟ್ಟು ತಾಳದು, ಇಂಥ ವಸ್ತು ಮತ್ತೆ ಸಿಕ್ಕದು ಎಂದೆನು. ಅವನು ಗೋಡೆಯ ಕಡೆ ಒಂದು ಸಲ ನೋಡಿ, ‘ಆಗಲಿ ಮೇಷ್ಟ್ರೇ’ ಎಂದು, ಕೊಟ್ಟ ಕಾಫಿಯನ್ನು ಮುಗಿಸಿ, ನಮಸ್ಕರಿಸಿ ಹೋದನು.

ಅವನು ವಾದಿಸಿದ್ದರೆ ನಾನು ಗೆದ್ದೆನೆಂದು ನಿದ್ರೆಹೋಗುತ್ತಿದ್ದೆನೋ ಏನೋ! ಅವನ ವಿನಯವೇ ನನ್ನನ್ನು ಪುಸ್ತಕದ ಕಪಾಟಿನ ಬಳಿಗೆ ಕಳುಹಿಸಿತು. ನಾನು ಹಣ ಕೊಟ್ಟಿದ್ದೇನೆ, ಆದುದರಿಂದ ಸ್ವತ್ವ ನನ್ನದೆಂಬುದು ನನ್ನ ಪಕ್ಷ. ಆದರೆ ಆ ವೃದ್ಧರು ಕೊಟ್ಟದ್ದು ಮಾರಾಟವಾಗಿಯೋ, ಇಟ್ಟುಕೊಂಡಿರಿ ಎಂಬ ನ್ಯಾಸವಾಗಿಯೋ? ಎಣಿಸದೆ ಇಟ್ಟುಕೊಂಡ ಹಣವನ್ನು ಕ್ರಯವೆನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ನ್ಯಾಸವೆಂದರೆ ಹೇಗಿರಬೇಕೆಂಬುದನ್ನು ರಾಮಾಯಣದ ಭರತನು ತೋರಿಸಿರುವನು: ಪಾದುಕೆಗಳನ್ನು ಸಿಂಹಾಸನದ ಮೇಲಿರಿಸಿ, ತಾನು ನಂದಿಗ್ರಾಮದಲ್ಲಿ ಹೊರಗಿನವನಂತೆ ಉಳಿದು, ಹದಿನಾಲ್ಕು ವರ್ಷ ಮುಗಿದೊಡನೆ ಅವನ್ನು ಅಣ್ಣನ ಕಾಲಿಗೆ ತೊಡಿಸಿದನು. ತೊಡುವವನು ಬಂದಾಗ ‘ಇವು ಪೂಜ್ಯವಾದುವು, ಸವೆದುಹೋಗುವುವು’ ಎಂದು ಭರತನು ಹೇಳಲಿಲ್ಲ.

ಇಲ್ಲಿ ಒಂದು ಆಕ್ಷೇಪ ಉಂಟು. ಇಟ್ಟ ವಸ್ತುವನ್ನು ಸ್ವೇಚ್ಛೆಯಿಂದ ಉಪಯೋಗಿಸಿ ಜೀವಿಸುವವನು ದಂಡಾರ್ಹನೆಂದೂ, ಅದನ್ನು ಲಾಭಸಹಿತವಾಗಿ ಹಿಂದಿರುಗಿಸಬೇಕೆಂದೂ ಯಾಜ್ಞವಲ್ಕ್ಯಸ್ಮೃತಿಯಲ್ಲಿ ವಿಧಿಸಿದೆ. ನಾನಾದರೋ ದುಡಿಯನ್ನು ಮುಟ್ಟಿಯೂ ಇರಲಿಲ್ಲ; ನನ್ನದೇನು ತಪ್ಪು? ಬಹಳ ಹೊತ್ತು ಈ ಸಮಾಧಾನದಲ್ಲಿದ್ದೆನು. ಆಮೇಲೆ ಹೊಳೆಯಿತು: ಹನ್ನೊಂದು ವರ್ಷ ಆ ದುಡಿಯಿಂದ ನಾನು ಮೆಚ್ಚುಗೆಯನ್ನು ಸಂಪಾದಿಸಿದ್ದೆನು. ಬಾರಿಸದೆ ಇದ್ದೆನೇ ಹೊರತು ಉಪಯೋಗಿಸದೆ ಇರಲಿಲ್ಲ. ಲಾಭ ನನಗೆ, ಮೌನ ದುಡಿಗೆ.

ಇದರಿಂದ ಎಲ್ಲವನ್ನೂ ಹಂಚಿಬಿಡಬೇಕೆಂದು ನಾನು ಹೇಳುವವನಲ್ಲ. ಕಾಗದದ ಮಾತು ಬೇರೆ. ಹರದಾಸ ಅಪ್ಪಚ್ಚಕವಿಗಳು (1868–1944) ಕೊಡವ ಭಾಷೆಯಲ್ಲಿ ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ ಎಂಬ ನಾಲ್ಕು ನಾಟಕಗಳನ್ನು ಬರೆದರು. ಮಾತುಗಳು ಗ್ರಂಥದಲ್ಲಿ ನಿಂತಿವೆ. ಆದರೆ ಯಾವ ಊರಿನಲ್ಲಿ, ಯಾವ ರಾತ್ರಿ, ಎಷ್ಟು ಆಣೆಯ ಚೀಟಿಗೆ ಒಂದು ನಾಟಕವನ್ನು ಆಡಿದರೆಂಬುದನ್ನು ಹೇಳಬಲ್ಲುದು ಹಸ್ತಪತ್ರವೊಂದೇ, ಮತ್ತು ಅದರ ಮೇಲೆ ನಮ್ಮ ಗೆದ್ದಲಿಗೆ ಬಹಳ ಪ್ರೀತಿ. ಅಂಥವನ್ನು ಕಾಪಾಡಿದವನಿಗೆ ನಮಸ್ಕಾರ ಸಲ್ಲಬೇಕು. ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕದಂಥ ಸ್ಥಳಗಳಿಲ್ಲದಿದ್ದರೆ, ಆಡುವವರೇ ಇಲ್ಲದೆ ಹೋದ ಎಷ್ಟೋ ಆಟಗಳ ಸಲಕರಣೆಗಳು ಒಲೆಗೆ ಸೇರುತ್ತಿದ್ದುವು. ಅಲ್ಲಿ ಕಲಾವಿದರನ್ನು ಕರೆಸಿ ಆಡಿಸುವುದೂ ಉಂಟು. ಅದು ನನ್ನ ಪಡಸಾಲೆಯಲ್ಲಿ ಎಂದೂ ಇರಲಿಲ್ಲ. ಕೇಳುವವನಿಲ್ಲದ ವಸ್ತುವಿಗೆ ಕಾವಲುಗಾರನು ಬೇಕು. ಕೇಳುವವನು ಬಾಗಿಲಿಗೆ ಬಂದ ಮೇಲೂ ಕಾವಲು ನಿಂತರೆ ಅದು ಬೇರೆ ಕೆಲಸವಾಗುತ್ತದೆ.

ಪುತ್ತರಿಗೆ ಎರಡು ದಿನವಿರುವಾಗ ದುಡಿಯನ್ನು ಇಳಿಸಿದೆನು. ಗೋಡೆಯ ಕಡೆಗಿದ್ದ ಮುಖದ ಚರ್ಮವು ಅಂಚಿನಿಂದ ನಾಲ್ಕು ಬೆರಳು ಸೀಳಿಹೋಗಿತ್ತು. ನಮ್ಮ ಮಳೆಗಾಲಗಳ ಥಂಡಿ, ಮತ್ತೆ ಬೇಸಗೆ. ಯಾರೂ ಬಿಗಿಯದೆ, ಸಡಿಲಿಸದೆ, ಬೆಂಕಿಯ ಬಳಿ ಕಾಯಿಸದೆ ಇದ್ದ ಫಲ. ಪೆಟ್ಟು ತಾಳದೆಂದು ನಾನು ಕಾಪಾಡಿದ್ದು ಪೆಟ್ಟಿಲ್ಲದೆಯೇ ಒಡೆದಿತ್ತು. ಹಾಗೆಯೇ ಅದನ್ನು ಬಟ್ಟೆಯಲ್ಲಿ ಸುತ್ತಿ ಆ ಮನೆಗೆ ಕೊಂಡುಹೋಗಿ, ಇದ್ದುದನ್ನು ಇದ್ದಂತೆ ಹೇಳಿದೆನು. ಆ ವರ್ಷ ಅವರು ಬೇರೆ ದುಡಿಗಳಲ್ಲಿಯೇ ಹಾಡಿದರು. ಮರುವರ್ಷಕ್ಕೆ ಹೊಸ ಚರ್ಮ ಬಿಗಿಸಿದ್ದನು. ನಮ್ಮ ಮನೆಯ ಮುಂದೆಯೂ ನಿಂತು ಹಾಡಿದರು. ಸ್ವರ ಹಿಂದಿನದೇ ಹೌದೋ ಅಲ್ಲವೋ, ಆ ವೃದ್ಧರ ಕೈಯಲ್ಲಿ ಅದನ್ನು ಕೇಳಿದ ನನ್ನ ಹೆಂಡತಿಯು ಅಲ್ಲವೆಂದಳು.

ಗೆಜ್ಜೆ ಇನ್ನೂ ನನ್ನ ಬಳಿಯಲ್ಲಿದೆ. ಅದರ ಒಡೆಯರಿಗೆ ಆಟ ಕಲಿತ ಮಕ್ಕಳಿಲ್ಲ. ಅವರು ಯಾವ ಯಾವ ವೇಷಗಳಿಗೆ ಅದನ್ನು ಕಟ್ಟಿದ್ದರೆಂಬುದನ್ನು ನೆನಪಿದ್ದಷ್ಟು ಒಂದು ಕಾಗದದಲ್ಲಿ ಬರೆದು ಜೊತೆಗಿಟ್ಟಿದ್ದೇನೆ. ಪ್ರತಿ ವಿಜಯದಶಮಿಯಂದು ತೊಗಲಿಗೆ ಎಣ್ಣೆ ಹಚ್ಚುತ್ತೇನೆ. ಸಂಪಾಜೆಯ ಕಡೆಗೆ ಹೋದಾಗಲೆಲ್ಲ ಹೊಸದಾಗಿ ಕುಣಿತ ಕಲಿಯುತ್ತಿರುವ ಹುಡುಗರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತಿದ್ದೇನೆ.