ಹಿಂದಿನ ಸೀಟಿನವರು

ನಮ್ಮ ಕಾರಿನಲ್ಲಿ ಹಿಂದಿನ ಸೀಟು ಅತ್ತೆಯವರದು. ಕಾರು ಮನೆಗೆ ಬಂದ ದಿನವೇ ಇದು ಯಾರೂ ಹೇಳದೆ ತೀರ್ಮಾನವಾಗಿಹೋಯಿತು. ಮುಂದೆ ಮಗ, ಅವನ ಪಕ್ಕ ನಮ್ಮ ಮನೆಯವರು, ಹಿಂದೆ ಅತ್ತೆ ಮತ್ತು ನಾನು. ನಮ್ಮಿಬ್ಬರ ನಡುವೆ ನೀರಿನ ಬಾಟಲಿ, ಚಕ್ಕುಲಿ ಡಬ್ಬ. ಅತ್ತೆಯವರಿಗೆ ಈಗ ಎಂಬತ್ತೆರಡು.

ಕಾರು 2016ರ ಪೋಲೋ ಜಿಟಿ. ಮಗ ಇನ್ನೊಬ್ಬರಿಂದ ಕೊಂಡದ್ದು. ನೋಡುವುದಕ್ಕೆ ಪುಟ್ಟದಾದರೂ ಅದರ 1.2 ಲೀಟರ್ ಟರ್ಬೊ ಎಂಜಿನ್ನಿನಲ್ಲಿ 105 ಕುದುರೆಗಳ ಬಲವಿದೆಯಂತೆ. ಇದ್ದ ಹಾಗೇ ಚೆನ್ನಾಗಿಯೇ ಓಡುತ್ತಿತ್ತು. ಆದರೆ ತಿರುವಿನಲ್ಲಿ ಒಂದು ಕಡೆಗೆ ವಾಲುತ್ತದೆ ಎಂದು ಮಗನಿಗೆ ಕೊರಗು. "ಅಮ್ಮಾ, ಬರೀ ಸ್ಪ್ರಿಂಗ್ ಬದಲಾಯಿಸಿದರೆ ಸಾಕು. ಒಂದೂವರೆ ಇಂಚು ಕೆಳಗೆ ಕೂರುತ್ತೆ, ರಸ್ತೆಗೆ ಅಂಟಿಕೊಂಡು ಹೋಗುತ್ತೆ" ಎಂದ. ಅವನ ಹುಟ್ಟುಹಬ್ಬಕ್ಕೆಂದು ನನ್ನ ಚೀಟಿಯ ಹಣ ಕೊಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಳುವ ತಪ್ಪಿನಲ್ಲಿ ನನ್ನದೂ ಒಂದು ಪಾಲಿದೆ.

ಸ್ಪ್ರಿಂಗ್ ಹಾಕಿಸಿಕೊಂಡು ಬಂದ ಸಂಜೆ ಅವನು ಕಾರಿನ ಸುತ್ತ ನಾಲ್ಕು ಪ್ರದಕ್ಷಿಣೆ ಬಂದ. ಮುಂದಿನ ವಾರ ಮೈಸೂರಿನಲ್ಲಿ ಮದುವೆ. ಹಾಸನದಿಂದ ಹೊರಟು ಹೊಳೆನರಸೀಪುರ ದಾಟಿ ಹೋಗುವಾಗ ಒಂದು ಊರಿನ ಮುಂದೆ ಬಣ್ಣ ಮಾಸಿದ ರಸ್ತೆಯುಬ್ಬು. ಮಗನಿಗೆ ಕಂಡದ್ದು ತಡವಾಗಿ. ದಢ್ ಎಂದಿತು. ನನ್ನ ಹಲ್ಲಿಗೆ ಹಲ್ಲು ತಾಗಿತು. ಅತ್ತೆಯವರು "ಅಯ್ಯೋ ರಾಮಾ" ಎಂದವರು, ಮರುಕ್ಷಣ ನಕ್ಕು, "ಏನಾಗಿಲ್ಲಪ್ಪ, ನೀನು ಓಡಿಸು" ಎಂದರು.

ಮದುವೆಯ ಮೂರು ದಿನವೂ ಅವರು ಕೂತು ಎದ್ದು, ಬಂದವರನ್ನೆಲ್ಲ ಮಾತಾಡಿಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಎಕ್ಸ್‌ರೇ ತೆಗೆಸಿದರೆ ಸೊಂಟದ ಮೇಲಿನ ಒಂದು ಬೆನ್ನೆಲುಬು ಕುಸಿದಿತ್ತು. ವಯಸ್ಸಾಗಿ ಟೊಳ್ಳಾದ ಎಲುಬಿಗೆ ಅಂಥ ಒಂದು ಕುಕ್ಕು ಸಾಕು ಎಂದರು ಡಾಕ್ಟರು. "ಅವತ್ತೇ ಯಾಕೆ ಹೇಳಲಿಲ್ಲ?" ಎಂದು ನಾನು ಗದರಿದೆ. "ಹುಡುಗ ಆಸೆಪಟ್ಟು ಮಾಡಿಸಿದಾನೆ. ಬೇಜಾರು ಮಾಡ್ಕೋತಾನೆ ಅಂತ" ಎಂದರು.

ಮಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕಾರು ಮಾರಿಬಿಡುತ್ತೇನೆ ಎಂದ. ನನಗೂ ನಿದ್ದೆಯಿಲ್ಲ. ತಪ್ಪು ಯಾರದು? ರಸ್ತೆಯುಬ್ಬು ಹಾಕಿದವರದೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು 1988ರಲ್ಲೇ ಅದಕ್ಕೊಂದು ಅಳತೆ ಕೊಟ್ಟಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರಿನಲ್ಲಿ ಹತ್ತಿ ಇಳಿಯುವಂತೆ. ನಮ್ಮ ಊರುಗಳ ಎಷ್ಟೋ ಉಬ್ಬುಗಳು ರಸ್ತೆಗೆ ಅಡ್ಡವಾಗಿ ಒನಕೆ ಮಲಗಿಸಿದಂತಿರುತ್ತವೆ. ಆದರೆ ಅವುಗಳ ಹಿಂದೆ ಯಾವುದೋ ಮನೆಯ ಮಗುವಿನ ಕತೆಯೂ ಇರುತ್ತದಲ್ಲ, ಹೇಗೆ ದೂರಲಿ? ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಒತ್ತಿ ಹೇಳಿತು. ಕಾನೂನು ಗಾಡಿಯ ವಿವರ ಕೇಳುತ್ತದೆ. ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ಕೇಳಬೇಕಾದವರು ನಾವು. ನಾವು ಕೇಳಿರಲಿಲ್ಲ.

ಮಾರುವ ಮಾತು ಅತ್ತೆಯವರ ಕಿವಿಗೆ ಬಿತ್ತು. "ಮಾರಿದರೆ ನನ್ನ ಸೊಂಟ ಸರಿಹೋಗುತ್ತಾ? ನಾನು ಕೂರೋ ಹಾಗೆ ಮಾಡಿಸು" ಎಂದರು. ಹೀಗಾಗಿ, ಜೀವಮಾನದಲ್ಲಿ ಮೊದಲ ಸಲ ನಾನು ಗ್ಯಾರೇಜಿಗೆ ಹೋದೆ.

ಅಲ್ಲಿದ್ದ ಹಿರಿಯ ಮೆಕ್ಯಾನಿಕ್ಕು ಮಗನ ಮಾತು ಕೇಳುವ ಮೊದಲು ನನ್ನನ್ನು ಕೇಳಿದರು: "ಯಾವ ರಸ್ತೆ, ಯಾರ್ಯಾರು ಕೂರ್ತೀರಿ, ಹೇಳಿ." ಆಮೇಲೆ ಕಾರಿನ ಮೂತಿಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟು ತೋರಿಸಿದರು. ಸ್ಪ್ರಿಂಗಿಗೆ ಪೆಟ್ಟನ್ನು ಇಟ್ಟುಕೊಳ್ಳಲು ಮಾತ್ರ ಗೊತ್ತಂತೆ, ಇಟ್ಟುಕೊಂಡದ್ದನ್ನು ಹಾಗೇ ಹಿಂತಿರುಗಿಸುತ್ತದೆ. ಅದೊಂದೇ ಇದ್ದರೆ ಕಾರು ಕುಣಿಯುತ್ತಲೇ ಇರುತ್ತದೆ. ಅದರ ಜೊತೆಗಿರುವ ಶಾಕ್ ಅಬ್ಸಾರ್ಬರಿನಲ್ಲಿ ಎಣ್ಣೆ ತುಂಬಿರುತ್ತದೆ. ಸಣ್ಣ ಸಣ್ಣ ತೂತುಗಳಲ್ಲಿ ಆ ಎಣ್ಣೆ ನುಗ್ಗುವಾಗ ಪೆಟ್ಟು ಬಿಸಿಯಾಗಿ, ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಗಿಡ್ಡ, ಗಡಸು ಸ್ಪ್ರಿಂಗನ್ನು ಹಳೆಯ ಅಬ್ಸಾರ್ಬರಿನ ಜೊತೆ ಕೂಡಿಸಿದರೆ ಅದಕ್ಕೆ ಅಷ್ಟು ಬಲವನ್ನು ಹಿಡಿಯಲಾಗುವುದಿಲ್ಲ. ಚಕ್ರ ಮೇಲೇಳಲು ಇರುವ ಜಾಗವೂ ಕಡಿಮೆಯಾಗಿ, ಕೊನೆಯ ರಬ್ಬರಿಗೆ ಬಡಿದು ಪೆಟ್ಟು ನೇರ ಸೀಟಿಗೆ ಬರುತ್ತದೆ. ಹಿಂದಿನ ಸೀಟು ಹಿಂದಿನ ಚಕ್ರಕ್ಕೆ ಹತ್ತಿರ, ಅಲ್ಲಿಯವರಿಗೆ ಇನ್ನೂ ಜೋರು.

"ಆದರೆ ರಸ್ತೆ ಹಿಡಿಯುತ್ತಲ್ಲ?" ಎಂದ ಮಗ. "ನುಣುಪಾದ ರಸ್ತೇಲಿ ಹಿಡಿಯುತ್ತೆ. ನಮ್ಮ ರಸ್ತೇಲಿ ಗಡಸಾದಷ್ಟೂ ಚಕ್ರ ಎಗರುತ್ತೆ. ಗಾಳೀಲಿರೋ ಚಕ್ರ ಏನು ಹಿಡಿಯುತ್ತಪ್ಪ? ಓಟದ ಆಸೆ ಇದ್ದರೆ ಕೊಯಮತ್ತೂರಿನ ಹತ್ತಿರ ಕರಿ ಸ್ಪೀಡ್‌ವೇ ಇದೆ. ಅಲ್ಲಿ ಹಂಪೂ ಇಲ್ಲ, ಅಜ್ಜಿಯೂ ಇಲ್ಲ" ಎಂದರು. ಮಗ ತಲೆ ತಗ್ಗಿಸಿ ನಕ್ಕ.

ಮನೆಗೆ ಬಂದ ಮೇಲೆ ಅವನೇ ಓದಿ ಹೇಳಿದ. 1930ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನಲ್ಲಿದ್ದ ಮಾರಿಸ್ ಆಲಿ ಎಂಬ ಎಂಜಿನಿಯರು, ಕಾರಿನ ಮೇಲೆ ತೂಕಗಳನ್ನು ಅತ್ತಿಂದಿತ್ತ ಸರಿಸಿ ನೋಡಿ, ಮುಂದಿನ ಸ್ಪ್ರಿಂಗು ಹಿಂದಿನದಕ್ಕಿಂತ ಮೆದುವಾಗಿರಬೇಕು ಎಂದು ಕಂಡುಕೊಂಡನಂತೆ. ಹಿಂದಿನ ಚಕ್ರ ಅದೇ ಉಬ್ಬನ್ನು ತುಸು ತಡವಾಗಿ ಹತ್ತುತ್ತದೆ. ಆದ್ದರಿಂದ ಹಿಂಭಾಗ ಬೇಗ ತೂಗಿ ಮುಂಭಾಗವನ್ನು ಕೂಡಿಕೊಂಡರೆ ಕೂತವರಿಗೆ ಹಿಂದುಮುಂದಿನ ತೊನೆದಾಟ ಕಡಿಮೆ. ಮನುಷ್ಯನ ಮೈ ತಡೆಯಲಾರದ ಅದುರು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ್ದು ಎಂದೂ ಲೆಕ್ಕವಿದೆಯಂತೆ. ಕೂತವರ ಮೈಯನ್ನು ಅಷ್ಟು ಹಿಂದೆಯೇ ಯಾರೋ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಒಂದೇ ಮನೆಯಲ್ಲಿದ್ದ ನಾವು ತೆಗೆದುಕೊಂಡಿರಲಿಲ್ಲ.

ಈ ಮಾತು ನನ್ನನ್ನು ಬಿಡಲಿಲ್ಲ. ಮಗನ ಆಸೆ ತಪ್ಪೆಂದು ಈಗಲೂ ನನಗನ್ನಿಸುವುದಿಲ್ಲ. ಒಳ್ಳೆಯ ರೇಷ್ಮೆಗೆ ನಾನು ಆಸೆಪಡುವಂತೆ ಅವನು ತಿರುವಿನಲ್ಲಿ ವಾಲದ ಕಾರಿಗೆ ಆಸೆಪಟ್ಟ. ಆದರೆ ಸೀರೆ ಉಡುವವಳು ನಾನೊಬ್ಬಳೇ. ಕಾರಿನಲ್ಲಿ ನಾಲ್ವರು ಕೂರುತ್ತೇವೆ. ಅವನು ನಮ್ಮನ್ನು ಕೇಳಬೇಕಿತ್ತು. ಸರಿ, ಕೇಳಿದ್ದರೆ ನಾವು ಏನು ಹೇಳುತ್ತಿದ್ದೆವು? ಅತ್ತೆಯವರು "ನನಗೆ ಹ್ಯಾಗಿದ್ದರೂ ಆಗುತ್ತೆ" ಎನ್ನುತ್ತಿದ್ದರು. ನಾನೂ ಅದನ್ನೇ. ಮಿಕ್ಕ ಸಾರಿನಿಂದ ಹಿಡಿದು ಹಿಂದಿನ ಸೀಟಿನವರೆಗೆ ನಾವು ಅರುವತ್ತು ವರ್ಷದಿಂದ ಹೇಳಿಕೊಂಡು ಬಂದ ಉತ್ತರ ಅದೊಂದೇ. ಅವತ್ತು ಆ ಉಬ್ಬಿನಲ್ಲಿ ನನಗೂ ನೋವಾಗಿತ್ತು. "ನಿಲ್ಲಿಸು, ಅಜ್ಜಿಯನ್ನು ನೋಡು" ಎನ್ನಬೇಕೆಂದು ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಹಣ ಕೊಟ್ಟವಳು ನಾನಲ್ಲವೆ? ನನ್ನ ಉಡುಗೊರೆ ಕೆಟ್ಟದ್ದೆಂದು ಒಪ್ಪಿಕೊಳ್ಳಲು ನನಗೆ ಇಷ್ಟವಿರಲಿಲ್ಲ. ಅದನ್ನೇ ತಾಳ್ಮೆ ಎಂದು ನನಗೆ ನಾನೇ ಹೇಳಿಕೊಂಡೆ.

ತಾಳ್ಮೆ ದೊಡ್ಡ ಗುಣವೆಂದು ನಮ್ಮ ತಾಯಂದಿರು ಕಲಿಸಿದ್ದು ಸುಳ್ಳಲ್ಲ. ಮನೆಯ ಎಷ್ಟೋ ಪೆಟ್ಟುಗಳು ಯಾರೋ ಒಬ್ಬಳಲ್ಲಿ ಹೋಗಿ ನಿಲ್ಲುವುದರಿಂದಲೇ ಮನೆ ನಡೆಯುತ್ತದೆ. ಆದರೆ ಹಾಗೆ ನುಂಗಿದ ಪೆಟ್ಟಿಗೆ ಹೊರಗೆ ಹೋಗಲು ದಾರಿ ಬೇಡವೆ? ಅತ್ತೆಯವರು ನಕ್ಕು ಮುಚ್ಚಿದ್ದರಿಂದ ಅವರಿಗೆ ಮೂರು ದಿನದ ನರಕ. ಅದಕ್ಕಿಂತ ಹೆಚ್ಚಾಗಿ, ತಾನು ಏನು ಮಾಡಿದೆನೆಂದು ಮೊಮ್ಮಗನಿಗೆ ಗೊತ್ತಾಗಲೇ ಇಲ್ಲ. ವಾಪಸ್ಸು ಬರುವಾಗಲೂ ಅವನು ಅದೇ ಸ್ಪ್ರಿಂಗಿನ ಮೇಲೆ, ಅದೇ ಖುಷಿಯಲ್ಲಿ ಓಡಿಸುತ್ತಿದ್ದ. ಓಡಿಸುವವನ ಕೈಗೆ ಸ್ಟಿಯರಿಂಗು ಹೇಳುವ ಸುದ್ದಿ ಸಿಗುತ್ತದೆ. ಹಿಂದಿನ ಸೀಟಿನ ಸುದ್ದಿ ಸಿಗುವುದು ನಾವು ಬಾಯಿ ಬಿಟ್ಟರೆ ಮಾತ್ರ. ಅದನ್ನು ಮುಚ್ಚಿಡುವುದು ಅವನ ಮೇಲಿನ ಪ್ರೀತಿ ಎಂದು ನಾನಿನ್ನು ಒಪ್ಪಲಾರೆ.

ಕೊನೆಗೆ ಮಾಡಿಸಿದ್ದು ಇಷ್ಟು. ಗ್ಯಾರೇಜಿನ ಮೂಲೆಯಲ್ಲಿ ಗೋಣಿಚೀಲದಲ್ಲಿದ್ದ ಹಳೆಯ ಸ್ಪ್ರಿಂಗುಗಳು ಮತ್ತೆ ಬಂದವು. ಕಾರು ಮೊದಲಿನ ಎತ್ತರಕ್ಕೆ ಎದ್ದು ನಿಂತಿತು. ಅವಕ್ಕೆ ಹೊಂದುವ, ತುಸು ಬಿಗಿಯಾದ ಗ್ಯಾಸ್ ಅಬ್ಸಾರ್ಬರುಗಳು ನಾಲ್ಕು. ಒಳ್ಳೆಯ ಟೈರುಗಳು, ಚಕ್ರದ ಅಲೈನ್‌ಮೆಂಟು. ತಿರುವಿನಲ್ಲಿ ಈಗಲೂ ಸ್ವಲ್ಪ ವಾಲುತ್ತದೆ, ಆದರೆ ಬೇಗ ಸುಧಾರಿಸಿಕೊಳ್ಳುತ್ತದೆ ಎನ್ನುತ್ತಾನೆ ಮಗ. ಮುಖ ನೋಡಿದರೆ ಪೂರ್ತಿ ಸಮಾಧಾನವಿಲ್ಲ. ಇರಲಿ, ಅದನ್ನೂ ಅವನು ಹೇಳಲಿ.

ಮೂರು ತಿಂಗಳ ಮೇಲೆ ಅತ್ತೆಯವರು ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಕಾರು ಹತ್ತಿದರು. ಈ ಸಲ ಮುಂದಿನ ಸೀಟಿಗೆ. ನಮ್ಮ ಮನೆಯವರು ನನ್ನ ಪಕ್ಕ ಬಂದು ಕೂತರು. ಊರಾಚೆಯ ಉಬ್ಬನ್ನು ಮಗ ತೆವಳಿಸಿಕೊಂಡೇ ದಾಟಿಸಿದ. ನನಗೆ ಏನೂ ಅನ್ನಿಸಲಿಲ್ಲ.

"ಸ್ವಲ್ಪ ಜೋರಾಯ್ತಪ್ಪ" ಎಂದರು ಅತ್ತೆ.

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವರು ತಮಗಾಗಿ ದೂರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಗ "ಸರಿ ಅಜ್ಜಿ" ಎಂದು ಇನ್ನೂ ನಿಧಾನ ಮಾಡಿದ.